ಮೂರನೆಯ ಡೇರೆಯ ಹಗ್ಗಗಳು

ಹಫ್ರ್ ಅಲ್ ಬಾತಿನ್ ಪೇಟೆಯಿಂದ ಮುಕ್ಕಾಲು ಗಂಟೆ ದೂರದ ಮರಳಲ್ಲಿ ನನ್ನ ಕಫೀಲನ, ಅಂದರೆ ನನಗೆ ವೀಸಾ ಕೊಟ್ಟ ಯಜಮಾನನ, ಐದು ಡೇರೆಗಳಿದ್ದವು. ಚಳಿಗಾಲದಲ್ಲಿ ಅವನ ಮನೆಯವರು, ನೆಂಟರು ಅಲ್ಲಿ ಬಂದು ತಂಗುತ್ತಿದ್ದರು. ಡೇರೆ ಎಬ್ಬಿಸುವುದು, ಕಾಯುವುದು ನನ್ನ ಕೆಲಸ. ಸೇನೆಯಲ್ಲಿ ಹದಿನೇಳು ವರ್ಷ ಇದನ್ನೇ ಮಾಡಿದ್ದೆ. ನಾಲ್ಕೂವರೆಗೆ ಎದ್ದು, ಗಡ್ಡ ಕೆರೆದು, ಐದಕ್ಕೆ ಹಗ್ಗಗಳ ಸುತ್ತು. ಹತ್ತಿಯ ಹಗ್ಗ ಇಬ್ಬನಿಗೆ ಬಿಗಿಯುತ್ತದೆ, ಬಿಸಿಲಿಗೆ ಸಡಿಲವಾಗುತ್ತದೆ; ನೋಡದೆ ಬಿಟ್ಟರೆ ಒಂದೇ ಗಾಳಿಗೆ ಡೇರೆ ಹೋಯಿತು.

ಮರಳಿನಲ್ಲಿ ಗೂಟ ನಿಲ್ಲುವುದಿಲ್ಲ. ಮೊಳಕ್ಕಿಂತ ಆಳದ ಗುಂಡಿ ತೋಡಿ, ಮರಳು ತುಂಬಿದ ಚೀಲಕ್ಕೆ ಹಗ್ಗ ಬಿಗಿದು, ಅದನ್ನು ಅಡ್ಡ ಮಲಗಿಸಿ, ಮುಚ್ಚಿ ತುಳಿಯಬೇಕು. ಹೀಗೆ ಕಟ್ಟಿದ ಡೇರೆ ಮೂರು ಚಳಿಗಾಲದಲ್ಲಿ ಒಂದೂ ಬೀಳಲಿಲ್ಲ. ಅದೇ ನನಗೆ ಮುಳುವಾಯಿತು.

ನನಗೆ ಅರವತ್ತೆರಡಾಗಿತ್ತು. ಊರಲ್ಲಿ ಹೆಂಡತಿಯ ಎರಡೂ ಮಂಡಿ ಸವೆದಿದ್ದವು. ನಾನು ಬಂದ ಮೇಲೆಯೇ ಆಪರೇಷನ್ ಎಂದು ಹಟ ಹಿಡಿದು ಎರಡು ಸಲ ಮುಂದೂಡಿದ್ದಳು. ಕೆಲಸ ಬಿಟ್ಟು ಹೊರಡುವ ಕಾಗದಕ್ಕೆ ಕಫೀಲನ ಒಪ್ಪಿಗೆ ಬೇಕಿತ್ತು. ಅವನು ಒರಟನಲ್ಲ. ಕೇಳಿದಾಗಲೆಲ್ಲ ಭುಜ ತಟ್ಟಿ, “ಈ ಚಳಿ ಮುಗಿಯಲಿ, ಸದೀಕ್,” ಎನ್ನುತ್ತಿದ್ದ; ಸದೀಕ್ ಎಂದರೆ ಗೆಳೆಯ. ಚಳಿ ಮುಗಿದರೆ ಡೇರೆ ಒಗೆಯುವುದು, ಹೊಲಿಯುವುದು. ಅಷ್ಟರಲ್ಲಿ ಮುಂದಿನ ಚಳಿ. ಸುತ್ತ ಬಯಲು, ಒಂದು ಬೇಲಿಯೂ ಇಲ್ಲ. ನಡೆದರೆ ಎಲ್ಲಿಗೆ?

ಕೊನೆಗೊಮ್ಮೆ ಮಾತು ಕೊಟ್ಟ. ಅಡುಗೆಯವನಿಗೆ ಕಲಿಸು, ಅವನು ಕಟ್ಟಿದ ಡೇರೆ ಒಂದು ದೊಡ್ಡ ಗಾಳಿಗೆ ನಿಂತರೆ ನೀನು ಹೊರಡು.

ಅಡುಗೆಯವನು ಪುತ್ತೂರು ಕಡೆಯ ಬ್ಯಾರಿ, ನಲವತ್ತೈದರ ಆಳು. ಮೂರನೆಯ ಡೇರೆ ಅವನಿಗೆ ವಹಿಸಿದೆ. ಎಂಟು ದಿನ ಹೇಳಿಕೊಟ್ಟೆ. ಎಂಟನೆಯ ದಿನವೂ ಚೀಲ ಮೇಲೆಯೇ, ಗಂಟು ಸಡಿಲ.

“ಬೇಕಂತಲೇ ಮಾಡ್ತಿದ್ದೀಯ,” ಎಂದೆ.

“ಎಂತ ಹವಾಲ್ದಾರ್ರೇ, ಈಗ ಗೊತ್ತಾದದ್ದಾ?” ಎಂದು ನಕ್ಕ. “ಬರುವ ತಿಂಗಳು ಮಗಳ ನಿಕಾಹ್. ರಜೆ ಸಿಕ್ಕಿ ಆಗಿದೆ. ನಾನು ಇದನ್ನು ಕಲಿತರೆ ಅವ ಬಿಡ್ತಾನಾ? ನಿಮ್ಮನ್ನು ನೋಡಿಯೇ ಬುದ್ಧಿ ಬಂದದ್ದು ಮಾರಾಯ್ರೆ.”

“ನೀನಿಲ್ಲದಿದ್ರೆ ಅಡುಗೆ ಯಾರು ಮಾಡ್ತಾರಪ್ಪ?”

“ಅಡುಗೆಗೆ ಯಾರೂ ಆಗ್ತದೆ. ಹಗ್ಗಕ್ಕೆ ನೀವೊಬ್ಬರೇ.”

ಎರಡು ದಿನದ ನಂತರ ಮಧ್ಯಾಹ್ನ ವಾಯವ್ಯದ ಆಕಾಶ ಕಂದು ಬಣ್ಣಕ್ಕೆ ತಿರುಗಿತು. ಗಾಳಿ ನಿಂತ ಕೂಡಲೇ ನೋಡಲು ಬರುತ್ತೇನೆಂದು ಕಫೀಲ ಫೋನ್ ಮಾಡಿದ. ಅಡುಗೆಯವನು ಗ್ಯಾಸ್ ತರಲು ಪೇಟೆಗೆ ಹೋಗಿದ್ದ. ನಾನು ಸಲಿಕೆ ಹಿಡಿದು ಮೂರನೆಯ ಡೇರೆಗೆ ಹೋದೆ. ಗಾಳಿ ಬೀಸುವ ಕಡೆಯ ಮೂರು ಚೀಲ ಕಿತ್ತು ಆಳಕ್ಕೆ ಹಾಕಿದೆ, ಉಳಿದ ಐದು ಹಗ್ಗಗಳ ಗಂಟು ಬಿಗಿದೆ. ಸಡಿಲ ಹಗ್ಗ ನೋಡಿ ಸುಮ್ಮನಿರುವುದು ನನ್ನ ಅಭ್ಯಾಸವಲ್ಲ ಎಂದು ಹೇಳಿಕೊಂಡೆ. ಅದು ನಿಜವಲ್ಲ. ಹೆಂಡತಿಯ ಮಂಡಿ ನೆನಪಿತ್ತು, ಅವನ ಮಗಳ ನಿಕಾಹ್ ಕೂಡ ನೆನಪಿತ್ತು.

ಅವನು ಮರಳುವಾಗ ಗಾಳಿ ಶುರುವಾಗಿತ್ತು. ಎರಡು ಗಂಟೆ ನಾವಿಬ್ಬರೂ ಮುಖಕ್ಕೆ ಬಟ್ಟೆ ಸುತ್ತಿ ಅದೇ ಡೇರೆಯೊಳಗೆ ಕುಳಿತೆವು. ಕಂಬ ಕಿರುಗುಟ್ಟಿತು, ಅಲುಗಲಿಲ್ಲ.

“ನಿಮ್ಮ ಗಂಟು ನನಗೆ ಗೊತ್ತಾಗುದಿಲ್ವಾ ಹವಾಲ್ದಾರ್ರೇ?” ಎಂದ.

ನಾನು ಮುಖದ ಬಟ್ಟೆಯನ್ನು ಇನ್ನಷ್ಟು ಬಿಗಿದೆ.

ಕಫೀಲ ಬಂದು ಒಂದೊಂದು ಹಗ್ಗವನ್ನೂ ಜಗ್ಗಿದ. “ಯಾರು ಕಟ್ಟಿದ್ದು?”

“ಇವನು,” ಎಂದೆ.

ಅಡುಗೆಯವನು “ನಾನಲ್ಲ” ಎನ್ನಬಹುದಿತ್ತು. ಯಾಕೆ ಅನ್ನಲಿಲ್ಲವೋ ಇವತ್ತಿಗೂ ತಿಳಿಯದು. ಕಫೀಲ ಅವನ ಭುಜ ತಟ್ಟಿ, “ರಜೆ ಚಳಿ ಮುಗಿದ ಮೇಲೆ, ಸದೀಕ್,” ಎಂದ.

ನನ್ನ ಕಾಗದ ಬಂತು. ಟಿಕೆಟ್ ಸಿಕ್ಕಿದ್ದು ನಿಕಾಹ್ ಆದ ಮೂರನೆಯ ದಿನಕ್ಕೆ, ಹಾಗಾಗಿ ನಿಕಾಹ್ ದಿನ ನಾನಿನ್ನೂ ಅಲ್ಲಿಯೇ ಇದ್ದೆ. ಅಡುಗೆಯವನು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಡೇರೆಯೊಳಗೆ ಕುಳಿತು, ಮೊಬೈಲ್ ಹಿಡಿಯಲು ನನ್ನನ್ನೇ ಕರೆದ. ಪರದೆಯಲ್ಲಿ ಅವನ ಅಣ್ಣ, ಹುಡುಗಿಯ ತಂದೆ ಕೂರಬೇಕಾದ ಜಾಗದಲ್ಲಿ ಕುಳಿತು, ಮದುಮಗನ ಕೈ ಹಿಡಿದಿದ್ದ.

“ಸ್ವಲ್ಪ ಹಿಂದೆ ಹೋಗಿ ಹವಾಲ್ದಾರ್ರೇ,” ಎಂದ. “ಅವರಿಗೆ ನನ್ನ ಮುಖ ಪೂರ್ತಿ ಕಾಣ್ಬೇಕಲ್ಲ.”

ಬೆನ್ನು ಡೇರೆಯ ಬಟ್ಟೆಗೆ ತಾಗುವವರೆಗೆ ಹಿಂದೆ ಸರಿದೆ. ಇನ್ನೂ ಸ್ವಲ್ಪ ಎಂದು ಅವನು ಕೈ ಮಾಡುತ್ತಲೇ ಇದ್ದ.