ಮಳೆಗಾಲಕ್ಕೆ ಕಾಯಲು ಕೊಟ್ಟ ಜಾಗ

ರತ್ನಾವತಿಯ ಬಾಯಿ ಜೋರು ಎನ್ನುವವರು ಆಕೆಯ ತಕ್ಕಡಿಯ ಬಗ್ಗೆ ಮಾತ್ರ ತುಟಿ ಬಿಚ್ಚುವುದಿಲ್ಲ. ಬಿಚ್ಚಲು ಅಲ್ಲಿ ಏನೂ ಇಲ್ಲ. ಹೆಜಮಾಡಿಯ ಈ ಹೆಂಗಸು ಇಪ್ಪತ್ತಾರು ವರ್ಷಗಳಿಂದ ಬೆಳಗಿನ ಬಸ್ಸಿಗೆ ಮೀನಿನ ಬುಟ್ಟಿ ಏರಿಸುತ್ತಾಳೆ, ಮೂಗು ಮುಚ್ಚಿಕೊಂಡವರಿಗೆ “ಮಧ್ಯಾಹ್ನ ಊಟಕ್ಕೆ ಇದೇ ಬೇಕಲ್ವಾ?” ಎಂದು ಚುಚ್ಚುತ್ತಾಳೆ, ಹೆದ್ದಾರಿ ಬದಿಯ ಒಂದು ಪೇಟೆಯಲ್ಲಿ ಇಳಿಯುತ್ತಾಳೆ. ಪೇಟೆಯ ಹೆಸರು ಬೇಡ, ಅಲ್ಲಿನ ಪುರಸಭೆ ಕಚೇರಿಯವರಿಗೆ ಸುಮ್ಮನೆ ಬೇಸರ. ಹಳೆಯ ಬಾವಿಕಟ್ಟೆಯ ಪಕ್ಕ ನೆರಳಿನಲ್ಲಿ ನಾಲ್ಕಡಿ ಜಾಗ, ಕೂರಲು ಹಲಸಿನ ಮಣೆ. ಗಂಡನನ್ನು ಕಡಲು ತೆಗೆದುಕೊಂಡ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದ್ದು ಆ ಮಣೆಯ ಮೇಲೆ ಕೂತೇ.

ಜೂನ್, ಜುಲೈಯಲ್ಲಿ ಮೀನು ಹಿಡಿಯಲು ಸರಕಾರದ ನಿಷೇಧ, ಬೋಟುಗಳು ಕಡಲಿಗಿಳಿಯುವಂತಿಲ್ಲ. ಆಗ ಆಕೆಗೂ ಮನೆಯೇ ಗತಿ. ಆದರೆ ಪೇಟೆಯಲ್ಲಿ ಜಾಗ ಖಾಲಿ ಬಿಟ್ಟರೆ ಮರುದಿನವೇ ಯಾರದ್ದೋ ಸ್ಕೂಟರ್ ಬಂದು ನಿಂತಿರುತ್ತದೆ. ಅದಕ್ಕೇ ನಂಬಿಕೆಯ ಒಬ್ಬಳನ್ನು ಕೂರಿಸಿ ಹೋಗುವುದು ಈ ಹೆಂಗಸರ ಪದ್ಧತಿ. ಈ ಸಲ ರತ್ನಾವತಿ ಸುಗಂಧಿಯನ್ನು ಕೂರಿಸಿದಳು. ಶಿರ್ವ ಕಡೆಯ ಸುಗಂಧಿ ಮಳೆಗಾಲದಲ್ಲಿ ಪತ್ರೊಡೆಗೆ ಕೆಸುವಿನ ಎಲೆ, ಪಲ್ಯಕ್ಕೆ ಎಳೆಬಿದಿರಿನ ಕಣಿಲೆ ಮಾರುವವಳು. ಗಂಡ ತೆಂಗಿನಮರದಿಂದ ಬಿದ್ದು ಹಾಸಿಗೆ ಹಿಡಿದಿದ್ದಾನೆ. “ನೆಲ ಒದ್ದೆ ಉಂಟು, ನನ್ನ ಮಣೆಯಲ್ಲಿ ಕೂತುಕೋ” ಎಂದು ಮಣೆಯನ್ನೂ ಕೊಟ್ಟೇ ಹೋದಳು.

ಕಚೇರಿಯವರಿಗೆ ಬೀದಿಬದಿ ವ್ಯಾಪಾರಿಗಳ ಸಮೀಕ್ಷೆ ಮಾಡುವ ಬುದ್ಧಿ ಜುಲೈಯಲ್ಲೇ ಬರಬೇಕೇ! ವರ್ಷದ ಹತ್ತು ತಿಂಗಳು ಅವರಿಗೆ ಕಣ್ಣೇ ಇರಲಿಲ್ಲವೋ ಏನೋ. ಬಂದರು, ಮೊಬೈಲಿನಲ್ಲಿ ಫೋಟೋ ತೆಗೆದರು, ಬಾವಿಕಟ್ಟೆಯ ಜಾಗಕ್ಕೆ ಸುಗಂಧಿಯ ಹೆಸರು ಬರೆದುಕೊಂಡು ಹೋದರು. ಆಗಸ್ಟ್‌ನಲ್ಲಿ ರತ್ನಾವತಿ ಬುಟ್ಟಿ ಹೊತ್ತು ಬಂದಾಗ ಹೆಸರುಗಳ ಪಟ್ಟಿ ಕಚೇರಿಯ ಗೋಡೆಗೆ ಅಂಟಿತ್ತು. ಪಟ್ಟಿಯಲ್ಲಿದ್ದವರಿಗೆ ವ್ಯಾಪಾರದ ಪ್ರಮಾಣಪತ್ರ ಸಿಗುತ್ತದೆ, ಇಲ್ಲದವರು ಎದ್ದು ಹೋಗಬೇಕು. ಸುಗಂಧಿ ಮುಖ ಎತ್ತಲಿಲ್ಲ, ಮಣೆಯಿಂದ ಏಳಲೂ ಇಲ್ಲ. ತಾನೇ ದೊಣ್ಣೆ ಕೊಟ್ಟು ಪೆಟ್ಟು ತಿಂದ ಹಾಗಾಯಿತು ರತ್ನಾವತಿಗೆ.

ಪ್ರತಿ ಶುಕ್ರವಾರ ತಪ್ಪದೆ ಬಂಗುಡೆ ಒಯ್ಯುವ ನಿವೃತ್ತ ಶಿಕ್ಷಕಿ ಒಲಿಂಡಾ ಟೀಚರ್ ಆಕ್ಷೇಪಣೆ ಬರೆದುಕೊಟ್ಟರು.

“ಕಾನೂನು ಉಂಟು ರತ್ನಾ. ಬೀದಿಯಲ್ಲಿ ಕೂತು ದುಡಿಯುವವರನ್ನು ಹಾಗೆಲ್ಲ ಎಬ್ಬಿಸುವಂತಿಲ್ಲ. ನಿನ್ನಂಥವರಿಗೆ ಅಂತಲೇ ಮಾಡಿದ್ದು ಅದು.”

“ಮಾಡಿದವರಿಗೆ ಮೀನಿಗೂ ರಜೆ ಉಂಟು ಅಂತ ಗೊತ್ತಿರಲಿಲ್ಲವಾ?”

ಟೀಚರ್ ನಕ್ಕರು. ಆಮೇಲೆ ದನಿ ತಗ್ಗಿಸಿ ಹೇಳಿದರು: “ನೋಡು, ವಿಚಾರಣೆಯಲ್ಲಿ ಅವಳು ಜೋರು ಮಾಡಿ ಕೂತಳು ಅಂತ ಒಂದು ಮಾತು ಹೇಳಿಬಿಡು. ಅವಳ ಹೆಸರು ಹೋಗ್ತದೆ, ನಿನ್ನದು ಬರ್ತದೆ.”

ಮೂರು ದಿನ ರತ್ನಾವತಿಗೆ ಊಟ ಸೇರಲಿಲ್ಲ. ಒಂದು ಮಾತು, ಅಷ್ಟೇ. ಬಸ್ಸಿನಲ್ಲಿ ಕಂಡಕ್ಟರನ ಜೊತೆ ದಿನಕ್ಕೆ ನೂರು ಮಾತು ಆಡುವವಳಿಗೆ ಅದೇನು ಭಾರ? ಸಿಟ್ಟಂತೂ ಬೇಕಾದಷ್ಟಿತ್ತು. ಉಪ್ಪುಂಡ ಮನೆಗೆ ಎರಡು ಬಗೆದವಳು ಎಂದು ಬೈಯುತ್ತಿದ್ದಳು. ಬೈದು ಮುಗಿಯುವಷ್ಟರಲ್ಲಿ ಸುಗಂಧಿಯ ಗಂಡನ ಹಾಸಿಗೆ ಕಣ್ಣ ಮುಂದೆ ಬರುತ್ತಿತ್ತು.

ಕಚೇರಿಯಲ್ಲಿ ಅಧಿಕಾರಿ ಕಡತ ಬಿಡಿಸಿದರು. ಮೇಜಿನ ಈ ಕಡೆ ರತ್ನಾವತಿ, ಆ ಕಡೆ ಸುಗಂಧಿ, ಹಿಂದಿನ ಬೆಂಚಿನಲ್ಲಿ ಒಲಿಂಡಾ ಟೀಚರ್.

“ಸಮೀಕ್ಷೆಯ ದಿನ ಇವರೇ ಕೂತಿದ್ದರು. ಫೋಟೋ ಉಂಟು. ಒಂದು ಜಾಗಕ್ಕೆ ಒಂದೇ ಹೆಸರು” ಎಂದರು ಅಧಿಕಾರಿ. ಆಮೇಲೆ ರತ್ನಾವತಿಯ ಕಡೆ ತಿರುಗಿದರು. “ಇವರು ಒತ್ತಾಯದಿಂದ ನಿಮ್ಮ ಜಾಗಕ್ಕೆ ಬಂದರಾ?”

ಸುಗಂಧಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಹಿಂದಿನಿಂದ ಟೀಚರ್ ಕೆಮ್ಮಿದರು.

“ಇಲ್ಲ ಸರ್” ಎಂದಳು ರತ್ನಾವತಿ. “ನಾನೇ ಕೂರಿಸಿದ್ದು.”

ಟೀಚರ್ ಹಣೆಗೆ ಕೈಯಿಟ್ಟರು. ಇನ್ನು ಜಾಗ ಹೋಯಿತೆಂದು ರತ್ನಾವತಿಗೂ ಅನಿಸಿತು. ಅಧಿಕಾರಿ ಮಾತ್ರ ಪೆನ್ನು ಕೆಳಗಿಟ್ಟು ಆಕೆಯನ್ನೇ ನೋಡಿದರು.

“ಜಾಗ ನಿಮ್ಮದಲ್ಲದಿದ್ದರೆ ಇವರನ್ನು ಕೂರಿಸಲು ನಿಮ್ಮಿಂದ ಹೇಗೆ ಆಗ್ತಿತ್ತಮ್ಮಾ?”

ಆಗ ಸುಗಂಧಿ ಬಿಕ್ಕಿದಳು. “ಜಾಗ ರತ್ನಕ್ಕನದ್ದೇ ಸರ್. ಫೋಟೋದಲ್ಲಿ ನಾನು ಕೂತ ಮಣೆಯೂ ಅವರದ್ದೇ. ಹೆಸರು ಬಂತಲ್ಲ ಅಂತ ಆಸೆ ಆಯಿತು. ತಪ್ಪಾಯಿತು.”

ಅಧಿಕಾರಿ ಬರೆದುಕೊಳ್ಳತೊಡಗಿದರು. ಸುಗಂಧಿಯ ಹೆಸರಿನ ಮೇಲೆ ಗೆರೆ ಎಳೆಯಲು ಪೆನ್ನು ಸರಿದದ್ದೇ ತಡ, ರತ್ನಾವತಿ ಮೇಜಿನ ಮೇಲೆ ಕೈಯಿಟ್ಟಳು.

“ಹೊಡೆದು ಹಾಕಬೇಡಿ. ಮಳೆಗಾಲ ಎರಡು ತಿಂಗಳು ಅವಳದ್ದು, ಉಳಿದದ್ದು ನನ್ನದು, ಹಾಗೆ ಬರೆಯಿರಿ.”

“ಹಾಗೆ ಬರೆಯಲು ಫಾರಂನಲ್ಲಿ ಜಾಗ ಇಲ್ಲಮ್ಮಾ.”

“ಬದಿಯಲ್ಲಿ ಇಷ್ಟು ಖಾಲಿ ಉಂಟಲ್ಲ ಸರ್, ಅಲ್ಲಿ ಬರೆಯಿರಿ.”

ಅಧಿಕಾರಿ ಬದಿಯಲ್ಲಿ ಎರಡು ಸಾಲು ಬರೆದರು. ತೀರ್ಮಾನ ಬೀದಿ ವ್ಯಾಪಾರಿಗಳ ಸಮಿತಿಯದ್ದು, ಅಲ್ಲಿಯವರೆಗೆ ಇಬ್ಬರನ್ನೂ ಯಾರೂ ಎಬ್ಬಿಸುವಂತಿಲ್ಲ ಎಂದರು. ಟೀಚರ್ ಅದನ್ನು ಗಟ್ಟಿಯಾಗಿ ಓದಿ ಹೇಳಿದ ಮೇಲೆಯೇ ರತ್ನಾವತಿ ಸಹಿ ಹಾಕಿದ್ದು.

ಮರುದಿನ ರತ್ನಾವತಿ ಬುಟ್ಟಿ ಇಳಿಸುವಾಗ ಮಣೆಯನ್ನು ತೊಳೆದು ಬಾವಿಕಟ್ಟೆಗೆ ಒರಗಿಸಿಟ್ಟಿತ್ತು. ಸುಗಂಧಿ ಎರಡು ಕಟ್ಟು ಹರಿವೆ ಸೊಪ್ಪು ಇಟ್ಟುಕೊಂಡು ದೂರದಲ್ಲಿ, ಬಿಸಿಲಿಗೆ, ಬರಿನೆಲದ ಮೇಲೆ ಕೂತಿದ್ದಳು.

ರತ್ನಾವತಿ ಮಣೆಯನ್ನು ಒಂದು ಬದಿಗೆ ಎಳೆದುಕೊಂಡು ಕೂತಳು. ಬುಟ್ಟಿಯನ್ನು ಮಡಿಲಿಗೆ ಹತ್ತಿರ ಸರಿಸಿದಳು.

“ಎಂತ ನೋಡ್ತಿ? ನೆರಳಿಗೆ ಬಾ ಮಾರಾಯ್ತಿ, ಸೊಪ್ಪು ಬಾಡ್ತದೆ.”