ಹಿಮದ ಹಾದಿಯಲ್ಲಿ ಒಂದು ಏಕಾದಶಿ

ಒಂದು ಮಾತು ಕೇಳುತ್ತೇನೆ, ನಿಜ ಹೇಳಿ. ಹೊಟ್ಟೆಗೆ ತೊಟ್ಟು ನೀರೂ ಇಲ್ಲದೆ, ಹಟ ಹಿಡಿದು ಟಿಕೆಟ್ ತೆಗೆಸಿಕೊಂಡು, ಹಿಮದೊಳಗೆ ನಡೆದು ಹೋಗುವಷ್ಟು ಜಾಣರು ನಿಮ್ಮ ಮನೆಯಲ್ಲಿ ಎಷ್ಟು ಜನ ಇದ್ದಾರೆ? ನಮ್ಮ ಹೌಗಾಂಗ್ ಮನೆಯಲ್ಲಿ ಒಬ್ಬಳಿದ್ದೇನೆ.

ಸಿಂಗಪುರದಲ್ಲಿ ಹಿಮ ಎಲ್ಲಿಂದ ಬಂತು ಎನ್ನಬೇಡಿ. ಟುವಾಸ್ ಕಡೆ ಗೋದಾಮಿನಂಥ ಒಂದು ಕಟ್ಟಡದೊಳಗೆ ಯಂತ್ರದಿಂದ ಹಿಮ ಸುರಿಸಿ, ಗುಡ್ಡ ಎಬ್ಬಿಸಿ, ಅದರ ಮೇಲೆ ಹಾದಿ ಮಾಡಿದ್ದರು. ನಾನು ಈ ವಯಸ್ಸಿನವರೆಗೆ ಹಿಮ ತುಳಿದವಳಲ್ಲ. ಎರಡು ವಾರ ಮಗಳ ತಲೆ ತಿಂದೆ. ಅವಳು ತನಗೂ ನನಗೂ ಬುಕ್ ಮಾಡಿದಳು. ಹೊರಡುವ ದಿನ ಬೆಳಿಗ್ಗೆ ನೋಡಿದರೆ ಅವಳಿಗೆ ರಾಫೆಲ್ಸ್ ಪ್ಲೇಸ್ ಆಫೀಸಿನಲ್ಲಿ ಮೀಟಿಂಗು.

"ಇನ್ನೊಂದಿನ ಹೋಗೋಣ ಅಮ್ಮ."

"ನೀನು ಇನ್ನೊಂದಿನ ಹೋಗು. ನಾನು ಎಮ್‌ಆರ್‌ಟಿ ರೈಲು ಹತ್ತಿ ಹೋಗ್ತೀನಿ."

ಅವಳು ಬಾಗಿಲಲ್ಲಿ ನಿಂತು ಶೂ ಹಾಕಿಕೊಳ್ಳುತ್ತಾ ಬೆರಳು ತೋರಿಸಿದಳು. "ನೋಡು, ಒಂದೇ ಒಂದ್ಸಲ ಎಲ್ಲಾದ್ರೂ ಬಿದ್ಯೋ, ಒಬ್ಬಳೇ ಆಚೆ ಹೋಗೋದು ಅವತ್ತಿಗೆ ಕ್ಲೋಸ್. ಪ್ರಾಮಿಸ್?"

"ಪ್ರಾಮಿಸ್."

"ತಿಂಡಿ ತಿಂದ್ಯಾ?"

"ತಿಂದೆ ಕಣೆ, ಹೋಗು."

ತಿಂದಿರಲಿಲ್ಲ. ಅವತ್ತು ವೈಕುಂಠ ಏಕಾದಶಿ. ಮದುವೆಯಾದ ವರ್ಷದಿಂದ ಆ ಒಂದು ದಿನ ನಾನು ನೀರು ಸಹ ಮುಟ್ಟಿದವಳಲ್ಲ. ಹೇಳಿದ್ದರೆ ಅವಳು ಅಲ್ಲೇ ಟಿಕೆಟ್ ಕ್ಯಾನ್ಸಲ್ ಮಾಡಿಬಿಡುತ್ತಿದ್ದಳು. ಅವಳು ಮಾಡಿಟ್ಟ ಉಪ್ಪಿಟ್ಟನ್ನು ಡಬ್ಬಿಗೆ ತುಂಬಿ ಫ್ರಿಜ್ಜಿನ ಮೂಲೆಗೆ ತಳ್ಳಿದ್ದೆ.

ಕೌಂಟರಿನ ಹುಡುಗಿ ನನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಕತ್ತು ಚಾಚಿ ನೋಡಿದಳು. "ಆಂಟಿ, ಒನ್ ಪರ್ಸನ್ ಓನ್ಲಿ ಆ? ಟುಡೇ ಆಲ್ ಕಪಲ್ಸ್ ಲಾ. ಅಂಕಲ್ ನಾಟ್ ಕಮಿಂಗ್?"

"ಅಂಕಲ್ ಡೋಂಟ್ ಲೈಕ್ ಕೋಲ್ಡ್" ಎಂದೆ. ಅವರು ಹೋಗಿ ಆರು ವರ್ಷವಾಯಿತು ಎಂದು ಹೇಳಿ ಆ ಹುಡುಗಿಯ ಮುಖ ಬಾಡಿಸುವುದೇಕೆ?

ದಪ್ಪ ಜಾಕೆಟ್ಟು, ಬೂಟು ಕೊಟ್ಟರು. ಒಂದು ಹಾಳೆಯಲ್ಲಿ ಮಗಳ ನಂಬರು ಬರೆಸಿಕೊಂಡರು. ಹಾದಿಯುದ್ದಕ್ಕೂ ಕಂಬಗಳಲ್ಲಿ ಕೆಂಪು ಗುಂಡಿ ಇದೆ, ಕಷ್ಟವಾದರೆ ಒತ್ತಿ, ನಾವು ಬರುತ್ತೇವೆ, ಮನೆಯವರಿಗೂ ಫೋನ್ ಮಾಡುತ್ತೇವೆ ಎಂದರು. ಹೋದ ದಾರಿಯಲ್ಲಿ ವಾಪಸ್ ಬರುವಂತಿಲ್ಲ, ಗುಡ್ಡ ಹತ್ತಿ ಆ ಕಡೆ ಇಳಿಯಬೇಕು. ನನ್ನ ಹಿಂದೆ ಬಾಗಿಲು ದಪ್ ಎಂದು ಮುಚ್ಚಿತು.

ಮೊದಲ ಹತ್ತು ಹೆಜ್ಜೆ ಖುಷಿಯಾಯಿತು. ಕಾಲ ಕೆಳಗೆ ಅವಲಕ್ಕಿ ತುಳಿದ ಸದ್ದು. ಮುಂದೆ ಒಂದು ಜೋಡಿ, ಹಿಂದೆ ಒಂದು ಜೋಡಿ, ತಿರುವಿನಲ್ಲಿ ಇನ್ನೆರಡು. ಎಲ್ಲರೂ ಒಬ್ಬರ ಜೇಬಿನಲ್ಲಿ ಇನ್ನೊಬ್ಬರ ಕೈ. ಒಬ್ಬಳು ಫೋಟೋ ತೆಗೆಯಿರಿ ಎಂದು ಫೋನ್ ಕೊಟ್ಟಳು. ನನ್ನ ಬೆರಳು ಒತ್ತಲೇ ಇಲ್ಲ. ನೋಡಿದರೆ ಉಗುರೆಲ್ಲ ನೀಲಿ. ಅವರು ನಕ್ಕು ಫೋನ್ ತೆಗೆದುಕೊಂಡು ಹೋದರು.

ಗುಡ್ಡದ ನಡುವೆ ಫ್ಯಾನುಗಳು ಶುರುವಾದವು. ಅದು ಅವರ ಹಿಮಗಾಳಿಯ ಆಟವಂತೆ. ದೀಪ ಮಂಕಾಯಿತು, ಬಿಳಿ ಪುಡಿ ಮುಖಕ್ಕೆ ಹೊಡೆಯಿತು. ಜೋಡಿಗಳು ಕಿರುಚುತ್ತಾ ಒಬ್ಬರನ್ನೊಬ್ಬರು ತಬ್ಬಿಕೊಂಡವು. ನಾನು ಒಂದು ಕಂಬವನ್ನು ತಬ್ಬಿದೆ. ಕೆಂಪು ಗುಂಡಿ ಕೆನ್ನೆಯ ಪಕ್ಕದಲ್ಲೇ ಇತ್ತು. ಒತ್ತಿದರೆ ಮಗಳಿಗೆ ಫೋನ್ ಹೋಗುತ್ತದೆ. ನಾಳೆಯಿಂದ ಮಾರ್ಕೆಟ್ಟಿಲ್ಲ, ಲೈಬ್ರರಿಯಿಲ್ಲ, ಬಸ್ಸಿನ ಮೇಲಿನ ಅಂತಸ್ತಿನ ಮುಂದಿನ ಸೀಟಿಲ್ಲ. ಒತ್ತಲಿಲ್ಲ.

ಗಾಳಿ ನಿಂತಾಗ ನಡುಕವೂ ನಿಂತಿತ್ತು. ಅದು ಒಳ್ಳೆಯ ಲಕ್ಷಣವಲ್ಲ ಎಂದು ನನ್ನೊಳಗೆ ಯಾರೋ ಹೇಳಿದರು. ನಾಲಿಗೆ ಅಂಗುಳಕ್ಕೆ ಅಂಟಿತ್ತು. ಹಾದಿಯ ಪಕ್ಕದ ಬೆಂಚಿನಲ್ಲಿ ಕುಳಿತೆ, ಒಂದು ನಿಮಿಷ ಎಂದುಕೊಂಡು. ಮೈ ಬೆಚ್ಚಗಾಗತೊಡಗಿತು. ಎದ್ದು ಹೋಗಬೇಕು ಎಂಬುದೇ ಬೇರೆ ಯಾರದೋ ಕೆಲಸ ಅನ್ನಿಸಿತು. ಒಂದು ಜೋಡಿ ಕೈ ಬೀಸಿ ಹೋಯಿತು. ಇನ್ನೊಂದು ಜೋಡಿ ನನ್ನ ಪಕ್ಕದಲ್ಲೇ ನಿಂತು, ನಾನೂ ಬರುವ ಹಾಗೆ ಸೆಲ್ಫಿ ತೆಗೆದುಕೊಂಡಿತು. ಮೂರನೆಯದು ನೋಡಲೇ ಇಲ್ಲ. ಆಮೇಲೆ ಯಾರೂ ಬರಲಿಲ್ಲ.

ಈ ದಿನ ಸತ್ತವರಿಗೆ ವೈಕುಂಠದ ಬಾಗಿಲು ತೆರೆದೇ ಇರುತ್ತದೆ ಎನ್ನುತ್ತಾರೆ. ನಮ್ಮತ್ತೆ ಅದನ್ನು ಬಹಳ ಆಸೆಯಿಂದ ಹೇಳುತ್ತಿದ್ದರು. ಅಲ್ಲಿ ಕುಳಿತಾಗ ಮೊದಲ ಸಲ ಆ ಮಾತು ನನಗೆ ಬೆದರಿಕೆಯ ಹಾಗೆ ಕೇಳಿಸಿತು. ಹಾದಿಯ ತುದಿಯಲ್ಲಿ ನಿಜವಾಗಿಯೂ ಒಂದು ಬೆಳಕಿನ ಚೌಕ ಕಾಣುತ್ತಿತ್ತು. ಬಾ ಎಂದು ಯಾರೂ ಕರೆಯಲಿಲ್ಲ, ಸುಮ್ಮನೆ ತೆರೆದುಕೊಂಡಿತ್ತು. ನನಗೆ ಅಲ್ಲಿಗೆ ಹೋಗುವುದು ಬೇಡವಾಗಿತ್ತು. ಎದ್ದೆ. ಕಾಲು ನನ್ನದಾಗಿರಲಿಲ್ಲ. ಮುಂದಿನ ಕಂಬದವರೆಗೆ ಬೆಂಚು, ಹಗ್ಗ, ಪ್ಲಾಸ್ಟಿಕ್ ಮರ ಹಿಡಿದು ಹೋಗಿ, ಬೆರಳು ಬಗ್ಗದ್ದಕ್ಕೆ ಮೊಣಕೈಯಿಂದ ಗುಂಡಿ ಒತ್ತಿದೆ.

ಇಬ್ಬರು ಬಂದು ಎತ್ತಿಕೊಂಡರು. "ಆಂಟಿ, ಲಾಸ್ಟ್ ಟೈಮ್ ವೆನ್ ಯೂ ಈಟ್?" ನಿನ್ನೆ ಮಧ್ಯಾಹ್ನ ಎಂದಾಗ ಅವರು ಮುಖ ಮುಖ ನೋಡಿಕೊಂಡರು. ಸಕ್ಕರೆ ಹಾಕಿದ ಬಿಸಿ ಹಾಲು ಬಾಯಿಗೆ ಹಿಡಿದರು. ಕುಡಿದೆ. ಅಷ್ಟು ವರ್ಷಗಳ ಉಪವಾಸ ಪೇಪರ್ ಲೋಟದಲ್ಲಿ ಮುರಿಯಿತು.

ಮಗಳು ಟ್ಯಾಕ್ಸಿಯಲ್ಲಿ ಬಂದಳು. ವಾಪಸ್ ಬರುವಾಗ ಅರ್ಧ ದಾರಿ ಕಿಟಕಿ ನೋಡುತ್ತಾ ಕುಳಿತಿದ್ದವಳು ಕೈ ಚಾಚಿದಳು. "ನಿನ್ನ ಎಮ್‌ಆರ್‌ಟಿ ಕಾರ್ಡ್ ಕೊಡು."

ನಾನು ಬ್ಯಾಗನ್ನು ಎದೆಗೆ ಅವುಚಿಕೊಂಡೆ. "ಯಾಕೆ ಕೊಡ್ಲಿ? ಬಿದ್ರೆ ಅಂತ ತಾನೆ ನೀನು ಹೇಳಿದ್ದು? ನಾನೇನು ಬೀಳ್ಲಿಲ್ಲ ಕಣೆ. ಸುಮ್ನೆ ಕೂತಿದ್ದೆ, ಅಷ್ಟೆ."

ಅವಳು ಚಾಚಿದ ಕೈ ಹಿಂದಕ್ಕೆ ತೆಗೆಯಲಿಲ್ಲ.

"ಬಿದ್ದಿದ್ರೆ ಯಾರಾದ್ರೂ ಓಡಿ ಬರ್ತಿದ್ರು ಅಮ್ಮ. ಸುಮ್ನೆ ಕೂತಿರೋ ಮುದುಕಿನ ಯಾರು ನೋಡ್ತಾರೆ?"