ದೊಡ್ಡಕ್ಕ ಒರೆಸಿದ ಗಾಜು

ಆ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ದೊಡ್ಡಕ್ಕನಿಗೆ ಹತ್ತೊಂಬತ್ತು ವರ್ಷದ ಸರ್ವೀಸು. ಅವಳಿಗೂ ಒಂದು ಹೆಸರಿತ್ತು, ಆದರೆ ಸಂಬಳದ ಚೀಟಿ ಬಿಟ್ಟರೆ ಬೇರೆಲ್ಲೂ ಅದಕ್ಕೆ ಕೆಲಸವಿರಲಿಲ್ಲ. ಯಜಮಾನರಿಂದ ಹಿಡಿದು ಗೋಡೌನಿನ ಕಾವಲುಗಾರನವರೆಗೆ ಎಲ್ಲರಿಗೂ ಅವಳು ದೊಡ್ಡಕ್ಕ. ಕಂಪನಿಯವರು ಹೊಸ ಸಾಮಾನು ತಂದಿಟ್ಟು ಎಷ್ಟೇ ಬಣ್ಣಬಣ್ಣದ ಮಾತಾಡಿ ಹೋಗಲಿ, ಯಜಮಾನರು ಕೊನೆಗೆ ತಿರುಗುತ್ತಿದ್ದದ್ದು ಇವಳ ಕಡೆಗೇ.

"ಓಡುತ್ತಾ ದೊಡ್ಡಕ್ಕ?"

"ಓಡುತ್ತೆ" ಅಂದರೆ ಮಾಲು ತರಿಸುತ್ತಿದ್ದರು. "ಓಡಲ್ಲ" ಅಂದರೆ ಕೈ ಮುಗಿದು ವಾಪಸ್ ಕಳಿಸುತ್ತಿದ್ದರು. ಅವಳ ಮಾತು ಒಂದೆರಡು ಸಲ ಬಿಟ್ಟರೆ ಸುಳ್ಳಾದದ್ದಿಲ್ಲ.

ಇದರಲ್ಲಿ ಮಾಟವೂ ಇರಲಿಲ್ಲ, ಮಂತ್ರವೂ ಇರಲಿಲ್ಲ. ಗಿರಾಕಿಗಳು ಮುಟ್ಟಿ ನೋಡಲೆಂದು ಇಟ್ಟ ಸಾಮಾನಿನ ಗಾಜಿನ ಮೇಲೆ ಸಂಜೆ ಬಾಗಿಲು ಹಾಕುವ ಮುಂಚೆ ಓರೆಯಾಗಿ ಬೆಳಕು ಬಿಟ್ಟು ನೋಡುತ್ತಿದ್ದಳು, ಅಷ್ಟೆ. ನಟ್ಟನಡುವೆ ಒಂದೇ ಬೆರಳಿನ ಗುರುತಿದ್ದರೆ ಯಾರೋ ಸುಮ್ಮನೆ ತಟ್ಟಿ ಹೋಗಿದ್ದಾರೆ ಎಂದರ್ಥ. ಎರಡೂ ಅಂಚಿನಲ್ಲಿ ಹೆಬ್ಬೆರಳು ಒತ್ತಿದ್ದರೆ ಕೈಗೆತ್ತಿಕೊಂಡಿದ್ದಾರೆ, ಮನೆಯಲ್ಲಿ ಕಾಲು ಚಾಚಿ ಕೂತಂತೆ ಊಹಿಸಿಕೊಂಡಿದ್ದಾರೆ. ದೊಡ್ಡ ಬೆರಳಿನ ಪಕ್ಕ ಚಿಕ್ಕ ಬೆರಳೂ ಬಿದ್ದಿದ್ದರಂತೂ ಕೇಳುವುದೇ ಬೇಡ, ಮನೆಮಂದಿಯೆಲ್ಲ "ನಂಗೆ ಕೊಡು, ನಂಗೆ ಕೊಡು" ಎಂದು ಕಿತ್ತಾಡಿದ್ದಾರೆ. ಆ ಮಾಲು ಓಡಿದಂತೆಯೇ. "ಜನರ ಬಾಯಿ ಸುಳ್ಳು ಹೇಳುತ್ತೆ, ಬೆರಳು ಹೇಳಲ್ಲ" ಎಂಬುದು ಅವಳ ಮಾತು. ಅದಕ್ಕೇ ಅಂಗಡಿಯಲ್ಲಿ ಒಂದು ಕಟ್ಟಪ್ಪಣೆ ಇತ್ತು. ಹಗಲೆಲ್ಲ ಗೋಡೌನಿನಲ್ಲೇ ಇರುವ ಯಜಮಾನರು ಸಂಜೆ ಬಂದು ಒಂದು ಸುತ್ತು ಹಾಕಿ ನೋಡುವವರೆಗೆ ಯಾರೂ ಗಾಜು ಒರೆಸಕೂಡದು. ಒಮ್ಮೆ ಹೊಸ ಸೇಲ್ಸ್‌ಮನ್ ಒಬ್ಬ ಮಟಮಟ ಮಧ್ಯಾಹ್ನ ಎಲ್ಲವನ್ನೂ ಫಳಫಳ ಒರೆಸಿಟ್ಟು ಶಹಬ್ಬಾಸ್‌ಗಿರಿಗೆ ಕಾದು ನಿಂತಿದ್ದ. ದೊಡ್ಡಕ್ಕ ಅವನ ಜನ್ಮ ಜಾಲಾಡಿಬಿಟ್ಟಳು.

ಹೀಗಿರುವಾಗ ಬಂತು ನೋಡಿ ಆ ಟ್ಯಾಬ್ಲೆಟ್ಟು. ಹೊಸ ಕಂಪನಿಯದು. ಸದ್ಯಕ್ಕೆ ತೋರಿಸಲು ಒಂದೇ ಒಂದು ಪೀಸು. ಒಂದು ತಿಂಗಳು ಇಟ್ಟು ನೋಡುವುದು, ಆಮೇಲೆ ಯಜಮಾನರು ಒಟ್ಟಿಗೆ ನೂರು ಪೀಸು ತರಿಸಬೇಕು, ಇಲ್ಲವೇ ಮೇಜು ಸಮೇತ ವಾಪಸ್ ಕಳಿಸಬೇಕು. "ಅತ್ತ ಫೋನೂ ಅಲ್ಲ, ಇತ್ತ ಲ್ಯಾಪ್‌ಟಾಪೂ ಅಲ್ಲ, ಎಡಬಿಡಂಗಿ. ಎಲ್ಲರ ಕೈಲೂ ಫೋನಿದೆ, ಇದನ್ನ ಯಾರು ತಗೋತಾರೆ?" ಎಂದು ಯಜಮಾನರು ಮೂಗು ಮುರಿದರು. ದೊಡ್ಡಕ್ಕನಿಗೆ ಟ್ಯಾಬ್ಲೆಟ್ಟಿನ ಮೇಲೆ ಯಾವ ಸಿಟ್ಟೂ ಇರಲಿಲ್ಲ. ಸಿಟ್ಟು ಬಂದದ್ದು ಅದರ ಜೊತೆ ಬಂದವಳನ್ನು ಕಂಡಾಗ. ಗಿರಾಕಿಗಳಿಗೆ ತೋರಿಸಿ ವಿವರಿಸಲು ಕಂಪನಿ ಕಳಿಸಿದ ಹೆಂಗಸು ಬೇರೆ ಯಾರೂ ಅಲ್ಲ, ಅವಳ ಒಡಹುಟ್ಟಿದ ತಂಗಿ.

ಮೂವತ್ತೈದು ತುಂಬಿದರೂ ತಂಗಿ ಮನೆಯಲ್ಲಿ ಇನ್ನೂ ಪುಟ್ಟಿಯೇ. ಹಿಂದಿನ ಕೆಲಸ ಹೋಗಿ ಆರು ತಿಂಗಳು ಮನೆಯಲ್ಲಿದ್ದಳು, ಅಕ್ಕ ಮತ್ತು ಅಮ್ಮನ ಜೊತೆ, ಅದೇ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ. ಟ್ಯಾಬ್ಲೆಟ್ಟಿಗೆ ಆರ್ಡರ್ ಸಿಕ್ಕರೆ ಈ ಕೆಲಸ ಖಾಯಂ, ಸಿಗದಿದ್ದರೆ ತಿಂಗಳ ಕೊನೆಗೆ ಮತ್ತೆ ಮನೆಯೇ ಗತಿ. "ಅಕ್ಕ, ನಿಮ್ಮಂಗಡಿಗೇ ಹಾಕಿದಾರೆ ಕಣೇ! ನೀನಿದ್ದ ಮೇಲೆ ನಂಗೇನು ಭಯ?" ಎಂದು ಹಿಂದಿನ ದಿನ ಕುಣಿದಾಡಿದ್ದಳು.

ಈ ಹೊಟ್ಟೆಕಿಚ್ಚು ಇವತ್ತು ನಿನ್ನೆಯದಲ್ಲ. ಅಪ್ಪ ಹಾಸಿಗೆ ಹಿಡಿದಾಗ ಶಾಲೆ ಬಿಟ್ಟವಳು ದೊಡ್ಡಕ್ಕ, ಮುಂದೆ ಕಾಲೇಜಿನವರೆಗೆ ಓದಿದವಳು ಪುಟ್ಟಿ. ಬಂದುಹೋದವರ ಮುಂದೆಲ್ಲ ಅಮ್ಮ ಅನ್ನುತ್ತಿದ್ದಳು, "ದೊಡ್ಡವಳಿಗೆ ರಟ್ಟೆ ಗಟ್ಟಿ, ಚಿಕ್ಕವಳಿಗೆ ತಲೆ ಗಟ್ಟಿ." ಅಮ್ಮ ಅದನ್ನು ಹೊಗಳಿಕೆ ಅಂತಲೇ ಹೇಳುತ್ತಿದ್ದಳು, ಪುಣ್ಯಾತ್ಗಿತ್ತಿ. ನಲವತ್ತೇಳರ ಹೆಂಗಸಿನ ಎದೆಯಲ್ಲಿ ಆ ಮಾತು ಇನ್ನೂ ಮುಳ್ಳಿನ ಹಾಗೆ ಕೂತಿತ್ತು. ಇದ್ದ ಒಂದೇ ಒಂದು ಸಮಾಧಾನವೆಂದರೆ ಈ ಅಂಗಡಿ. ಇಲ್ಲಾದರೂ ತಲೆ ಗಟ್ಟಿ ಇದ್ದವಳು ತಾನು. ಈಗ ಇಲ್ಲಿಗೂ ವಕ್ಕರಿಸಿದಳಲ್ಲ!

ಬಂದ ಮೊದಲ ದಿನವೇ ಏನು ಠೀವಿ! ಪುಟ್ಟಿಯ ಮೈಮೇಲೆ ಕಂಪನಿಯ ನೀಲಿ ಕೋಟು, ಎದೆಯ ಮೇಲೆ ಹೆಸರಿನ ಬಿಲ್ಲೆ. ಯಜಮಾನರು ಅವಳನ್ನು "ನಿಮಗೇನನ್ಸುತ್ತೆ, ನೀವು ಹೇಳಿ" ಎಂದು ಬಹುವಚನದಲ್ಲಿ ಮಾತಾಡಿಸಿದರು. ದೊಡ್ಡಕ್ಕನಿಗೆ ಹತ್ತೊಂಬತ್ತು ವರ್ಷದಿಂದ "ನೀನು". ಮತ್ತೆ ಆ ಸ್ಟೂಲು! ಟ್ಯಾಬ್ಲೆಟ್ಟಿನ ಮೇಜಿನ ಜೊತೆ ಕಂಪನಿಯೇ ಕಳಿಸಿದ ಎತ್ತರದ ಸ್ಟೂಲು, ಮೇಲೆ ಮೆತ್ತೆ, ಕೆಳಗೆ ಕಾಲಿಡಲು ಕಂಬಿ. ದೊಡ್ಡಕ್ಕನ ಕಾಲಿನ ನರಗಳು ನಿಂತು ನಿಂತು ಹಸಿರು ಗಂಟು ಕಟ್ಟಿದ್ದವು, ಅವಳಿಗೆ ಒಬ್ಬರೂ ಒಂದು ಸ್ಟೂಲು ಕೊಟ್ಟಿರಲಿಲ್ಲ. ಪುಟ್ಟಿ ಬಂದಳು, ಕೂತಳು. ಅಷ್ಟೇ ನೋಡಿ.

ಅಂದು ಸಂಜೆ ಪುಟ್ಟಿ ಕೋಟು ಬಿಚ್ಚಿಡಲು ಒಳಗೆ ಹೋದಾಗ ದೊಡ್ಡಕ್ಕ ಟ್ಯಾಬ್ಲೆಟ್ಟಿನ ಗಾಜಿನ ಮೇಲೆ ಬೆಳಕು ಬಿಟ್ಟಳು. ಎರಡೂ ಅಂಚಿನಲ್ಲಿ ಸಾಲು ಸಾಲು ಹೆಬ್ಬೆರಳು. ಕೆಳಗಡೆ ಮಕ್ಕಳ ಪುಟಾಣಿ ಬೆರಳು. ನಡುವೆ ಯಾರೋ ವಯಸ್ಸಾದವರು ಅಕ್ಷರ ದೊಡ್ಡದು ಮಾಡಿಕೊಂಡು ನಿಧಾನವಾಗಿ ಓದಿದ ಉದ್ದುದ್ದ ಗೆರೆ. ಹತ್ತೊಂಬತ್ತು ವರ್ಷದಲ್ಲಿ ಇಂಥ ಗಾಜನ್ನು ಅವಳು ನೋಡಿರಲಿಲ್ಲ. ಇದು ಓಡುವ ಮಾಲಲ್ಲ, ಹಾರುವ ಮಾಲು!

ಯಜಮಾನರ ಹೆಜ್ಜೆ ಸದ್ದು ಕೇಳಿಸಿತು. ದೊಡ್ಡಕ್ಕನ ಕೈ ತಾನಾಗಿಯೇ ಕನ್ನಡಕ ಒರೆಸುವ ಹಳದಿ ಬಟ್ಟೆಯನ್ನು ತೆಗೆಯಿತು. ಸರ್‍ರನೆ ಎರಡು ಸಲ ಎಳೆದಳು. ಗಾಜು ಆಗತಾನೆ ಪೆಟ್ಟಿಗೆಯಿಂದ ತೆಗೆದಂತಾಯಿತು.

ಯಜಮಾನರು ಬಗ್ಗಿ ಫೋನಿನ ಟಾರ್ಚ್ ಹಿಡಿದರು. "ಏನಿದು, ಒಬ್ಬರೂ ಮುಟ್ಟಿಲ್ವಾ?"

"ನೀವೇ ನೋಡ್ತಿದೀರಲ್ಲ ಸಾರ್. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?" ಎಂದಳು ದೊಡ್ಡಕ್ಕ.

ಮನೆಗೆ ಹೋಗುವ ಬಸ್ಸಿನಲ್ಲಿ ಪುಟ್ಟಿ ಬಾಯಿ ಮುಚ್ಚಲಿಲ್ಲ. ಎಷ್ಟು ಜನ ಬಂದರು, ಏನು ಕೇಳಿದರು ಎಂದು ಒಂದೇ ಸಮನೆ ಹೇಳುತ್ತಿದ್ದಳು. ದೊಡ್ಡಕ್ಕ ಕಿಟಕಿ ಕಡೆ ಮುಖ ತಿರುಗಿಸಿ ಕೂತಳು. ಕೆಲಸ ಹೋದರೆ ಹೋಗಲಿ, ತಲೆ ಗಟ್ಟಿ ಇರುವವಳಿಗೆ ಇನ್ನೊಂದು ಸಿಗುವುದಿಲ್ಲವೇ? ಹೀಗೆ ಅಂದುಕೊಂಡಾಗ ಸ್ವಲ್ಪ ಹಗುರವಾಯಿತು, ಸ್ವಲ್ಪ ಅಸಹ್ಯವೂ ಆಯಿತು.

ಒಂದು ಸಲ ಮಾಡಿದ್ದು ಚಟವಾಯಿತು. ಸಂಜೆ ಒಂದೇ ಸಲ ಒರೆಸಿದ್ದರೆ ಸಾಕಿತ್ತು, ಆದರೆ ಹೊಟ್ಟೆ ಉರಿ ಗಡಿಯಾರ ನೋಡುತ್ತದೆಯೇ? ಪುಟ್ಟಿ ಊಟಕ್ಕೆ ಹೋದಾಗ ಒಮ್ಮೆ, ಕೈ ತೊಳೆಯಲು ಹೋದಾಗ ಒಮ್ಮೆ, ಟೀ ಹೊತ್ತಿಗೆ ಒಮ್ಮೆ. ಕಂಡರೂ ದೊಡ್ಡಕ್ಕನನ್ನು ಕೇಳುವ ಧೈರ್ಯ ಯಾವ ಸೇಲ್ಸ್‌ಮನ್‌ಗಿತ್ತು? ಆ ಗುರುತುಗಳು ಕಣ್ಣಿಗೆ ಬಿದ್ದರೆ ಸಾಕು, "ನೋಡು, ನಿನ್ನ ತಂಗಿ ಗೆದ್ದಳು" ಎಂದು ಅಣಕಿಸಿದಂತಾಗುತ್ತಿತ್ತು. ಹಳದಿ ಬಟ್ಟೆ ತೊಳೆದು ತೊಳೆದು ಬಿಳಿಚಿಕೊಂಡಿತು.

ಇತ್ತ ಪುಟ್ಟಿಯ ಮೇಜಿನ ಮುಂದೆ ಜನ ದಿನೇ ದಿನೇ ಹೆಚ್ಚಾದರು. ಯಾಕಂತೀರಿ? ಅಂಗಡಿಯ ಕಟ್ಟಪ್ಪಣೆಯ ದೆಸೆಯಿಂದ ಮಧ್ಯಾಹ್ನದ ಹೊತ್ತಿಗೆ ಉಳಿದ ಫೋನು, ಲ್ಯಾಪ್‌ಟಾಪುಗಳೆಲ್ಲ ಜಿಡ್ಡು ಹಿಡಿದು ಮಂಕಾಗಿರುತ್ತಿದ್ದವು. ಆ ಸಾಲಿನಲ್ಲಿ ಕನ್ನಡಿಯ ಹಾಗೆ ಮಿಂಚುತ್ತಿದ್ದದ್ದು ಒಂದೇ ಒಂದು. ಟಿವಿ ನೋಡಲು ಬಂದವರೂ ಅದರ ಹತ್ತಿರವೇ ಹೋಗಿ ನಿಲ್ಲುತ್ತಿದ್ದರು. ಬೇಕೆಂದವರ ಹೆಸರನ್ನು ಪುಟ್ಟಿ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು, ಪುಟದ ಮೇಲೆ ಪುಟ ತುಂಬಿತು. ಇದೆಲ್ಲ ಯಾಕೆ ಹೀಗೆ ಎಂದು ದೊಡ್ಡಕ್ಕನಿಗೆ ಹೊಳೆಯಲೇ ಇಲ್ಲ. ಬೇರೆಯವರ ಬೆರಳು ಓದುವವಳು ತನ್ನ ಕೈ ಮಾಡುತ್ತಿದ್ದದ್ದನ್ನು ಓದಲಿಲ್ಲ.

ತಿಂಗಳ ಕೊನೆಯ ದಿನ ಬಂತು. ಕಂಪನಿಯವರಿಗೆ ಆರು ಗಂಟೆಯೊಳಗೆ ಉತ್ತರ ಕೊಡಬೇಕಿತ್ತು. ಐದರ ಸುಮಾರಿಗೆ ಯಜಮಾನರು ಒಂದು ಕೈಯಲ್ಲಿ ಆ ನೋಟ್‌ಬುಕ್ಕು, ಇನ್ನೊಂದು ಕೈಯಲ್ಲಿ ಟಾರ್ಚು ಹಿಡಿದು ಮೇಜಿನ ಮುಂದೆ ನಿಂತರು. ಗಾಜಿನ ಮೇಲೆ ಒಂದು ಗುರುತೂ ಇಲ್ಲ. ದೊಡ್ಡಕ್ಕ ಆಗತಾನೆ ಕೆಲಸ ಮುಗಿಸಿ ಎರಡು ಹೆಜ್ಜೆ ಹಿಂದೆ ಸರಿದಿದ್ದಳು.

"ಪುಸ್ತಕ ಓಡುತ್ತೆ ಅನ್ನುತ್ತೆ, ಗಾಜು ಓಡಲ್ಲ ಅನ್ನುತ್ತೆ. ಹೆಸರು ಬರೆಸೋಕೆ ಯಾರಿಗೇನು ಖರ್ಚು? ನಾನು ಯಾವತ್ತೂ ನಂಬಿರೋದು ಗಾಜನ್ನೇ" ಎಂದರು ಯಜಮಾನರು. ಪುಟ್ಟಿ ಟೀ ಮುಗಿಸಿ ಬಂದು ಸ್ಟೂಲಿನ ಪಕ್ಕ ನಿಂತಿದ್ದಳು. ಅವಳ ಮುಖ ಬಾಡಿತ್ತು. "ನೀನು ಹೇಳು ದೊಡ್ಡಕ್ಕ. ಓಡುತ್ತಾ?"

ದೊಡ್ಡಕ್ಕ ಬಾಯಿ ತೆರೆದಳು. ಅಷ್ಟರಲ್ಲಿ ಪಕ್ಕದ ರಸ್ತೆಯ ಟೈಲರಮ್ಮ ಏದುಸಿರು ಬಿಡುತ್ತ ಒಳಗೆ ಬಂದಳು.

"ಬಂತೇನ್ರೀ ನನ್ನ ಟ್ಯಾಬ್ಲೆಟ್ಟು? ಬಟ್ಟೆ ಹೊಲಿಸೋರಿಗೆ ಡಿಸೈನ್ ತೋರ್ಸೋಕೆ ಬೇಕು, ಫೋನಲ್ಲಿ ತೋರ್ಸಿದ್ರೆ ಕಣ್ಣಿಗೇ ಕಾಣಲ್ಲ ಅಂತಾರೆ. ಬೇರೆ ಎರಡು ಅಂಗಡಿಗೂ ಹೋಗಿದ್ದೆ ಮಾರಾಯ್ರೆ, ಥೂ, ಗಾಜಿನ ತುಂಬ ಜಿಡ್ಡು, ಮುಟ್ಟೋಕೇ ಮನಸ್ಸಾಗ್ಲಿಲ್ಲ. ಇಲ್ಲಿ ನೋಡಿ, ಹೇಗೆ ಹೊಳೀತಿದೆ!" ಎಂದು ದೊಡ್ಡಕ್ಕನ ಕಡೆ ತಿರುಗಿದಳು. "ಹೊಳೀದೆ ಇನ್ನೇನು? ನಾನು ಬಂದಾಗೆಲ್ಲ ಇವರು ಒರೆಸ್ತಾನೇ ಇರ್ತಾರೆ, ಪಾಪ. ಗಳಿಗೆಗೊಂದು ಸಲ!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ದೊಡ್ಡಕ್ಕ ಕೈಯಲ್ಲಿದ್ದ ಬಟ್ಟೆಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಯಜಮಾನರು ಬಟ್ಟೆಯನ್ನೂ ನೋಡಿದರು, ಅವಳನ್ನೂ ನೋಡಿದರು. ಕಟ್ಟಪ್ಪಣೆ ಮಾಡಿದವಳೇ ಅವಳು. ಹತ್ತೊಂಬತ್ತು ವರ್ಷದ ಮಾನ ಆ ಒಂದು ಗಳಿಗೆಯಲ್ಲಿ ಬೀದಿಪಾಲಾಗುವುದರಲ್ಲಿತ್ತು.

"ದೊಡ್ಡಕ್ಕ... ಒರೆಸ್ತಿದ್ಯಾ?"

"ನಾನೇ ಹೇಳಿದ್ದು ಸಾರ್" ಎಂದಳು ಪುಟ್ಟಿ, ಥಟ್ಟನೆ. "ಹೊಸ ಕಂಪನಿ, ಗಾಜು ಹೊಳೀತಾ ಇದ್ರೇನೇ ಜನ ಹತ್ರ ಬರೋದು, ದಿನಕ್ಕೆ ನಾಕು ಸಲ ಒರೆಸಕ್ಕ ಅಂತ ನಾನೇ ಹೇಳಿದ್ದೆ. ಅಂಗಡಿ ರೂಲ್ಸು ಬೇರೆ ಅಂತ ಅಕ್ಕ ಬೇಡ ಅಂದ್ಳು. ನಾನೇ ಹಟ ಮಾಡ್ದೆ. ನಿಮ್ಮ ಹತ್ರ ಹೇಳ್ದೇ ಇದ್ದಿದ್ದು ನನ್ನ ತಪ್ಪು."

ಯಜಮಾನರು ನಕ್ಕುಬಿಟ್ಟರು. "ಹಾಗೋ! ಅಕ್ಕತಂಗಿಯರು ಸೇರಿ ನನ್ನ ತಲೆ ಕೆಡಿಸಿದ್ರಲ್ಲ. ಸರಿ, ಒರೆಸೋಕೆ ಮುಂಚೆ ನೀನು ನೋಡಿರ್ತೀಯಲ್ಲ ದೊಡ್ಡಕ್ಕ, ಬೆರಳು ಏನು ಹೇಳ್ತು?"

ಸುಳ್ಳು ಹೇಳಲು ಈಗಲೂ ಒಂದು ದಾರಿಯಿತ್ತು. ದೊಡ್ಡಕ್ಕ ತಂಗಿಯ ಮುಖ ನೋಡಿದಳು. ಬೈಗುಳ ಇರಲಿಲ್ಲ, ಬೇಡಿಕೆಯೂ ಇರಲಿಲ್ಲ.

"ಓಡುತ್ತೆ ಸಾರ್. ನೂರು ಸಾಲಲ್ಲ. ಮನೆಮಂದಿಯೆಲ್ಲ ಹಿಡಿದು ನೋಡಿದಾರೆ. ಇಂಥ ಗಾಜು ನಾನು ನೋಡೇ ಇರ್ಲಿಲ್ಲ" ಎಂದಳು. ತಿಂಗಳಿಂದ ಎದೆಯ ಮೇಲೆ ಕೂತಿದ್ದದ್ದನ್ನು ಆಚೆ ಹಾಕಿದಂತಾಯಿತು. ಯಜಮಾನರು ಅಲ್ಲೇ ನಿಂತು ಕಂಪನಿಗೆ ಫೋನ್ ಮಾಡಿ ಇನ್ನೂರು ಪೀಸು ಹೇಳಿದರು, ಟೈಲರಮ್ಮ ತನ್ನದನ್ನು ಮೊದಲು ಕೊಡಬೇಕೆಂದು ತಾಕೀತು ಮಾಡಿ ಹೋದಳು.

ಇಬ್ಬರೇ ಉಳಿದಾಗ ದೊಡ್ಡಕ್ಕ ತಗ್ಗಿದ ದನಿಯಲ್ಲಿ ಕೇಳಿದಳು, "ಯಾವಾಗ ಗೊತ್ತಾಯ್ತು ನಿಂಗೆ?"

"ಎರಡನೇ ದಿನಾನೇ. ಊಟಕ್ಕೆ ಹೋಗೋ ಮುಂಚೆ ಮೂಲೇಲಿ ಹೆಬ್ಬೆಟ್ಟು ಒತ್ತಿ ಹೋಗ್ತಿದ್ದೆ. ಬಂದು ನೋಡಿದ್ರೆ ಇರ್ತಾನೇ ಇರ್ಲಿಲ್ಲ. ಚಿಕ್ಕೋಳಿದ್ದಾಗ ಬಿಸ್ಕತ್ತಿನ ಗಾಜಿನ ಡಬ್ಬಿ ಹಿಡ್ಕೊಂಡು, 'ಇದು ನಿನ್ನ ಬೆರಳೇ, ಕಳ್ಳಿ' ಅಂತ ಹಿಡೀತಿದ್ಯಲ್ಲ? ಕಲಿಸಿದೋಳು ನೀನೇ ತಾನೇ."

"ಮತ್ಯಾಕೆ ಸುಮ್ನಿದ್ದೆ? ನಿನ್ನ ಕೆಲಸ ಹೋಗ್ತಿತ್ತಲ್ಲೇ!"

"ಮೊದಲ ವಾರ ಅಳ್ತಿದ್ದೆ. ಸ್ನಾನದ ಮನೇಲಿ, ನಲ್ಲಿ ಬಿಟ್ಕೊಂಡು" ಎಂದಳು ಪುಟ್ಟಿ. ಆಮೇಲೆ ಅವಳ ತುಟಿಯಂಚು ಕುಣಿಯಿತು. "ಆಮೇಲೆ ನೋಡಿದ್ರೆ, ನೀನು ಒರೆಸಿದಷ್ಟೂ ಜನ ಬರ್ತಿದ್ರು, ನನ್ನ ನೋಟ್‌ಬುಕ್ಕು ತುಂಬ್ತಿತ್ತು. ಬಿಟ್ಟಿ ಕೆಲಸದವಳು ಸಿಕ್ಕಿದಾಳೆ, ನಾನ್ಯಾಕೆ ಬೇಡ ಅನ್ಲಿ?"

ದೊಡ್ಡಕ್ಕನಿಗೆ ನಗು ಬಂತು, ಅಳುವೂ ಬಂತು. ಎರಡಕ್ಕಿಂತ ಮೊದಲು ಬಂದದ್ದು ಅದೇ ಹಳೆಯ ಉರಿ. ನೋಡಿ ಇವಳನ್ನು! ಬುದ್ಧಿಯಲ್ಲಿ ಮುಂದೆ ಅಂದರೆ ಒಳ್ಳೆಯತನದಲ್ಲೂ ಇವಳೇ ಮುಂದೆ. ನನಗೊಂದು ಕೆಟ್ಟ ಕೆಲಸವನ್ನಾದರೂ ನೆಟ್ಟಗೆ ಮಾಡಲು ಬಿಟ್ಟಳೇ?

"ಯಾಕಕ್ಕ ಕಾಲು ಒತ್ಕೋತೀಯ? ನೋಯ್ತಿದ್ಯಾ? ಬಾ, ಕೂತ್ಕೋ" ಎಂದು ಪುಟ್ಟಿ ಸ್ಟೂಲು ಎಳೆದು ಕೊಟ್ಟಳು.

ಬೇಡ ಅನ್ನಬೇಕೆಂದಿದ್ದಳು ದೊಡ್ಡಕ್ಕ. ಆದರೆ ಕಾಲು ನಿಜವಾಗಿಯೂ ನೋಯುತ್ತಿತ್ತು. ಕೂತಳು, ಕಂಬಿಯ ಮೇಲೆ ಪಾದ ಇಟ್ಟಳು. ಸ್ಟೂಲು ಅವಳು ಅಂದುಕೊಂಡದ್ದಕ್ಕಿಂತ ಮೆತ್ತಗಿತ್ತು. ಅದಕ್ಕೂ ಹೊಟ್ಟೆ ಉರಿಯಿತು.